ಮಿರ್ಚಿ ಬಂಡಿಯ ಕೆಮ್ಮು

ಓಬಳೆಪ್ಪ ಬಸ್ಸಿನಿಂದ ಇಳಿದು ಪರಾರಿಯಾಗಲು ನೋಡಿದ. ಕಳಕಮ್ಮ ಕಾಲರಿಗೇ ಕೈ ಹಾಕಿದಳು.

“ಎಲ್ಲಿಗೆ ಹೊಂಟಿ? ಕುಂದ್ರು ಸುಮ್ಮನ!”

ಎತ್ತಿದ ಕೈಯ ಬಳೆಗಳು ಸರ್ರನೆ ಮೊಣಕೈವರೆಗೆ ಜಾರಿದವು. ಆ ಸಣಕಲು ಕೈಗೆ ಅಷ್ಟು ಬಲ ಎಲ್ಲಿಂದ ಬರುತ್ತದೋ ದೇವರೇ ಬಲ್ಲ!

ಓಬಳೆಪ್ಪನದು ಕುಷ್ಟಗಿಯಲ್ಲಿ ಮಂಡಕ್ಕಿ-ಮಿರ್ಚಿ ಬಂಡಿ. ಎಚ್‌ಐವಿ ಇದೆ, ಗುಳಿಗೆ ತಪ್ಪಿಸದೆ ನುಂಗುತ್ತಾನೆ, ಗಟ್ಟಿಯಾಗಿಯೇ ಇದ್ದಾನೆ. ಆದರೆ ಎರಡು ವಾರದಿಂದ ಕೆಮ್ಮು. ಎಚ್‌ಐವಿ ಇದ್ದವರ ಸಂಘದ ಕಳಕಮ್ಮನ ಕಿವಿಗೆ ಅದು ಬಿದ್ದದ್ದೇ ತಡ, ಬಂಡಿ ಮುಚ್ಚಿಸಿ ಕೊಪ್ಪಳದ ಬಸ್ಸು ಹತ್ತಿಸಿದಳು. ಅವಳೂ ಅದೇ ಗುಳಿಗೆಯವಳು. ಸಂಘದಲ್ಲಿ ಯಾರು ಕೆಮ್ಮಿದರೂ ಟಿಬಿ ಪರೀಕ್ಷೆಗೆ ಎಳೆದೊಯ್ಯುವುದು ಅವಳ ಕೆಲಸ.

“ಟಿಬಿ ಅಂತ ಗೊತ್ತಾದ್ರ ನನ್ನ ಮಿರ್ಚಿ ಯಾರು ತಿಂತಾರ್ರೀ ಅಕ್ಕಾರ? ಹೊಟ್ಟಿಗೆ ಏನ್ ಮಾಡ್ಲಿ?”

“ಇದ್ರ ಆರು ತಿಂಗಳು ಗುಳಿಗಿ, ಆಮ್ಯಾಲ ಆರಾಮ. ದಿನಾ ನಾನ ಬಂದು ನುಂಗಸ್ತೀನಿ. ಜ್ವರ ಬರ್ತಾವೇನು? ರಾತ್ರಿ ಬೆವರು? ಊಟ ಸೇರತೈತಿಲ್ಲೋ?”

“ಎರಡು ರೊಟ್ಟಿ ಹೆಚ್ಚಿಗೇನ ತಿಂತೀನ್ರಿ.”

“ಸುಳ್ಳ ಹೇಳಬ್ಯಾಡ!”

ಓಬಳೆಪ್ಪ ಕೆಮ್ಮಿದ. ಆ ಸುಡುಬಿಸಿಲಿನಲ್ಲೂ ಕಳಕಮ್ಮ ಶಾಲನ್ನು ಮೂಗಿನವರೆಗೆ ಎಳೆದುಕೊಂಡಳು. ಅವನಿಗೆ ಅಳುವೇ ಬಂತು. ಇವಳೇ ಹೀಗೆ ಮಾಡಿದರೆ ಇನ್ನು ಗಿರಾಕಿಗಳು ಬಿಟ್ಟಾರೆಯೇ?

ಕೊಪ್ಪಳದಲ್ಲಿ ಇಳಿದು ಉಪ್ಪಿಟ್ಟು ಕೊಡಿಸಿದಳು. ತನ್ನ ತಟ್ಟೆಯದನ್ನೂ ಅವನಿಗೇ ಸುರಿದಳು. “ತಿನ್ನು, ಮೈಯಾಗ ಶಕ್ತಿ ಬೇಕು.” ಇಷ್ಟೊಂದು ಉಪಚಾರ ಕಂಡು ತನಗೆ ಟಿಬಿಯೇ ಖಾತ್ರಿ ಎಂದುಕೊಂಡ.

ದವಾಖಾನೆಯಲ್ಲಿ ಎಕ್ಸ್-ರೇ ಏನೋ ಆಯಿತು. ಕಫದ ಡಬ್ಬಿ ಕೈಗೆ ಬರುತ್ತಲೇ ಮತ್ತೆ ಮೊಂಡುಬಿದ್ದ. “ನೀವು ಕೊಟ್ರ ನಾನೂ ಕೊಡ್ತೀನ್ರಿ.”

“ಅಯ್ಯ, ಅದೇನ್ ದೊಡ್ಡ ಮಾತು!”

ಕಳಕಮ್ಮ ಇನ್ನೊಂದು ಡಬ್ಬಿ ಇಸಿದುಕೊಂಡು ಗೋಡೆಯ ಮರೆಗೆ ಹೋದಳು. ಕೆಮ್ಮೇ ಇಲ್ಲದವಳು ಕ್ಯಾಕರಿಸಲು ಪಟ್ಟ ಪಾಡು ಕೇಳಿ ಓಬಳೆಪ್ಪ ನಕ್ಕುಬಿಟ್ಟ. ನಕ್ಕು ನಕ್ಕು ಕೆಮ್ಮಿದ. ಅವನ ಡಬ್ಬಿ ತಾನಾಗಿಯೇ ತುಂಬಿತು. ಎರಡೂ ಡಬ್ಬಿ ಪರೀಕ್ಷೆಗೆ ಹೋದವು.

ಮಧ್ಯಾಹ್ನ ಡಾಕ್ಟರ್ ಅಮೃತಾ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಗುಳಿಗೆಯ ಪೊಟ್ಟಣ. ಅದನ್ನು ಕಂಡದ್ದೇ ಓಬಳೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

“ಒಬ್ಬೊಬ್ಬರಿಗೇ ಹೇಳ್ಲೇನ್ರಿ?” ಡಾಕ್ಟರು ಕೇಳಿದರು.

“ನಮ್ಮೊಳಗ ಮುಚ್ಚುಮರಿ ಏನಿಲ್ರಿ, ಹೇಳಿಬಿಡ್ರಿ,” ಎಂದಳು ಕಳಕಮ್ಮ ಗತ್ತಿನಿಂದ. “ಧೈರ್ಯ ಹೇಳಾಕ ನಾನದೀನಿ.”

“ಓಬಳೆಪ್ಪ, ನಿಮಗ ಟಿಬಿ ಇಲ್ಲ. ಅದು ಎಣ್ಣಿ ಹೊಗಿ ಕೆಮ್ಮು. ಬಂಡಿ ಮುಂದ ನಿಂತಾಗ ಮೂಗಿಗೆ ಬಟ್ಟಿ ಕಟ್ಕೊಳ್ರಿ.”

ಹೋದ ಜೀವ ಬಂದಂತಾಯಿತು. “ಮತ್ತ ಈ ಗುಳಿಗಿ ಯಾರಿಗ್ರಿ?”

ಡಾಕ್ಟರು ಅವನ ಪಕ್ಕಕ್ಕೆ ನೋಡಿದರು. “ಎಚ್‌ಐವಿ ಇದ್ದವರಿಗೆ ಟಿಬಿ ಆದ್ರ ಕೆಮ್ಮು ಬರಲೇಬೇಕಂತೇನಿಲ್ಲ.”

ಬಾಗಿಲತ್ತ ಸರಿಯುತ್ತಿದ್ದ ಕಳಕಮ್ಮನ ಶಾಲಿನ ಚುಂಗನ್ನು ಓಬಳೆಪ್ಪ ಗಪ್ಪನೆ ಹಿಡಿದ: “ಎಲ್ಲಿಗೆ ಹೊಂಟ್ರೀ ಅಕ್ಕಾರ? ಕುಂದರ್ರಿ ಸುಮ್ಮನ! ದಿನಾ ನಾನ ಬಂದು ನುಂಗಸ್ತೀನಿ.”