ಸಿಂಧು ಕೂತದ್ದು

ಪೊಲೀಸ್ ನಾಯಿ ಸಿಂಧು ಯಾರ ಮುಂದೆ ಕೂತರೆ ಅವನೇ ಕಳ್ಳ. ಅದಕ್ಕೆ ಎರಡು ಮಾತಿಲ್ಲ. ಬೆಳಿಗ್ಗೆ ಬಂಗಲೆಯೊಂದರಲ್ಲಿ ಹಾರ ಕಳುವಾಗಿತ್ತು. ಸಿಂಧು ಸೀದಾ ಹೋಗಿ ಮಾಲಿಯ ಮುಂದೆ ಕೂತದ್ದೇ ತಡ, ಇನ್‌ಸ್ಪೆಕ್ಟರ್ ಅವನ ಕತ್ತಿನಪಟ್ಟಿ ಹಿಡಿದು ಜೀಪಿಗೆ ದಬ್ಬಿದ. ಆದರೆ ಕೂತ ಸಿಂಧು ಮೇಲೇಳಲೇ ಇಲ್ಲ. ಅದನ್ನು ಪಳಗಿಸಿದ ಪೇದೆ ದೊಡ್ಡೀರಯ್ಯ ಹೆಗಲ ಮೇಲೆ ಹೊತ್ತುಕೊಂಡು ಪಶು ಆಸ್ಪತ್ರೆಗೆ ಓಡಿದ. ಸಂಜೆ ಅಲ್ಲಿಂದ ಏದುಸಿರು ಬಿಡುತ್ತಾ ಠಾಣೆಗೆ ಬಂದ.

“ಸಾರ್, ಆ ಮಾಲೀನ ಬಿಟ್ಬಿಡಿ. ಸಿಂಧೂಗೆ ಉಣುಗು ಕಚ್ಚಿ ಜ್ವರ ಬಂದು ಹಾರ್ಟಿಗೇ ಹೊಡೆದಿದೆಯಂತೆ. ಎದೆಬಡಿತ ತಪ್ಪಿದಾಗೆಲ್ಲ ತಲೆ ಸುತ್ತಿ ನಿಂತಲ್ಲೇ ಕೂತ್ಬಿಡುತ್ತಂತೆ. ವಾಸನೆ ಹಿಡಿದು ಕೂತಿದ್ದಲ್ಲ ಸಾರ್!”

“ನಾಯಿ ಮೈಮೇಲಿನ ಉಣುಗು ಹೆಕ್ಕೋ ಯೋಗ್ಯತೆ ಇಲ್ಲ, ನಂಗೆ ಕಾನೂನು ಹೇಳ್ಕೊಡ್ತೀಯೇನೋ?”

“ಡಾಕ್ಟ್ರು ಬರ್ಕೊಟ್ಟಿದಾರೆ ನೋಡಿ ಸಾರ್. ಅವ್ನು ಕದ್ದಿಲ್ಲ.”

“ಕದ್ದಿಲ್ವಾ? ಮಧ್ಯಾಹ್ನವೇ ಒಪ್ಕೊಂಡ ಕಣಯ್ಯಾ!” ಇನ್‌ಸ್ಪೆಕ್ಟರ್ ಲಾಠಿಯನ್ನು ಮೇಜಿನ ಮೇಲೆಸೆದು ಬೆವರು ಒರೆಸಿಕೊಂಡ. “ಹಾರ ಹೂತಿಟ್ಟ ಜಾಗಾನೂ ತೋರ್ಸಿದಾನೆ. ನಾಲ್ಕು ಕಡೆ ಅಗೆದ್ವಿ, ಸಿಗಲಿಲ್ಲ. ಈಗ ಐದನೇದು ಹೇಳ್ತಿದಾನೆ.”