ಯಾರ ಕೈಗೂ ಬಗ್ಗದ ಕೀಬೋರ್ಡು

"ನಾಳೆಯಿಂದ ಈ ಕುರ್ಚೀಲಿ ನನ್ನ ಅಳಿಯ ಕೂರ್ತಾನೆ. ಅವನಿಗೆ ಯಾವ ಅಕ್ಷರ ಎಲ್ಲಿದೆ ಅಂತ ಗೊತ್ತಾಗಲ್ಲ. ಕೀಗಳ ಮೇಲೆ ಕನ್ನಡದ ಸ್ಟಿಕರ್ ಅಂಟಿಸಿಟ್ಟು ಹೋಗು," ಎಂದ ಪ್ರೆಸ್ಸಿನ ಯಜಮಾನ.

ಇಪ್ಪತ್ತು ವರ್ಷ ಕೀಬೋರ್ಡಿನತ್ತ ಕಣ್ಣು ಹಾಯಿಸದೆ ಟೈಪ್ ಮಾಡಿದ್ದ ಪದ್ಮಲತ ಅವತ್ತು ಬಗ್ಗಿ ಕೂತು ಒಂದೊಂದೇ ಅಕ್ಷರ ಅಂಟಿಸಿ ಹೊರಟಳು.

ನಾಲ್ಕೇ ದಿನಕ್ಕೆ ಯಜಮಾನನ ಫೋನ್ ಬಂತು. ಹೋಗಿ ನೋಡಿದರೆ ಅಳಿಯ ಕೆಂಡವಾಗಿದ್ದ, ರಿಪೇರಿಯವನು ಬೆವರುತ್ತಿದ್ದ.

"ಒಂದು ಒತ್ತಿದ್ರೆ ಇನ್ನೊಂದು ಬರುತ್ತೆ! ಲಗ್ನಪತ್ರಿಕೇಲಿ ಒಂದು ಹೆಸರೂ ನೆಟ್ಟಗಿಲ್ಲ!" ಅಳಿಯ ಕೂಗಿದ.

"ಇಂಗ್ಲಿಷ್ ಸರಿಯಾಗೇ ಬರುತ್ತೆ ಸಾರ್. ಈ ಹಳೇ ಕನ್ನಡ ಸಾಫ್ಟ್‌ವೇರೇ ಕೆಟ್ಟಿರಬೇಕು. ಎರಡು ಸಲ ತೆಗೆದು ಮತ್ತೆ ಹಾಕಿದೆ," ಎಂದ ರಿಪೇರಿಯವನು.

"ಏನು ಮಾಟ ಮಾಡಿ ಹೋದೆಯೇ?" ಯಜಮಾನ ಅವಳ ಮೇಲೆ ಹರಿಹಾಯ್ದ.

ಪದ್ಮಲತ ಕುರ್ಚಿ ಎಳೆದು ಕೂತು, ಲಗ್ನಪತ್ರಿಕೆಯ ಕೈಬರಹವನ್ನು ಒಮ್ಮೆ ಓದಿಕೊಂಡಳು. ಯಜಮಾನನ ಮುಖದಿಂದ ಕಣ್ಣು ಕೀಳದೆ ಇಡೀ ಲಗ್ನಪತ್ರಿಕೆಯನ್ನು ಬಡಿದು ಮುಗಿಸಿದಳು. ಹುಡುಕಿದರೂ ಒಂದು ತಪ್ಪೂ ಇರಲಿಲ್ಲ.

"ಮಷೀನು ಚೆನ್ನಾಗೇ ಇದೆಯಲ್ಲ ಯಜಮಾನ್ರೇ. ಕೂತೋರಿಗೆ ಕೆಲಸ ಬರಬೇಕು."

"ಈ ಗುಜರಿ ನೀವೇ ಇಟ್ಕೊಳ್ಳಿ ಮಾವ!" ಅಳಿಯ ಕುರ್ಚಿಯೊಂದನ್ನು ಒದ್ದು ನಡೆದೇ ಬಿಟ್ಟ. ರಿಪೇರಿಯವನೂ ಚೀಲ ಹೆಗಲಿಗೇರಿಸಿದ.

"ನಾಳೆಯಿಂದ ನೀನೇ ಬಂದು ಸಾಯಿ," ಎಂದು ಗೊಣಗುತ್ತ ಯಜಮಾನ ಅಳಿಯನ ಹಿಂದೆ ಓಡಿದ.

ಪದ್ಮಲತ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಉಗುರಿನಿಂದ ಸ್ಟಿಕರುಗಳನ್ನು ಮೆಲ್ಲಗೆ ಎಬ್ಬಿಸಿ, ಒಂದೊಂದನ್ನೂ ಅದರದರ ನಿಜವಾದ ಕೀ ಮೇಲೆ ಅಂಟಿಸತೊಡಗಿದಳು.