ಏಳನೇ ತಟ್ಟೆ

ಮೂರು ದಿನದಿಂದ ಉಪವಾಸ ಕೆಡವಿದ್ದ ಏಳನೇ ತಟ್ಟೆ ಬೆಳಿಗ್ಗೆ ನೋಡಿದರೆ ತುಂಬಿಹೋಗಿತ್ತು. ಲ್ಯಾಬಿನ ಸಹಾಯಕಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಉಜ್ಜಿಕೊಂಡು, ಮತ್ತೆ ನೋಡಿದಳು. ಜೀವಕೋಶಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಪಕ್ಕದ ಆರು ತಟ್ಟೆಗಳು ಮಾತ್ರ ಹೇಳಿದ ಮಾತು ಕೇಳಿ ತೆಪ್ಪಗಿದ್ದವು.

"ಮೇಡಂ, ಇದಕ್ಕೆ ನೀವೇನಾದ್ರೂ ಊಟ ಹಾಕಿದ್ರಾ?" ಎಂದು ಲ್ಯಾಬಿನ ಮುಖ್ಯಸ್ಥೆಯನ್ನು ಕೇಳಿದಳು.

ಊಟವೆಂದರೆ ಬೆಳವಣಿಗೆಯ ಪ್ರೋಟೀನು. ಎರಡು ಎಳೆಗಳು ಕೈಕೈ ಹಿಡಿದುಕೊಂಡಂತಿರುವ ಅದು, ಜೀವಕೋಶದ ಮೈಮೇಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಒಳಗೆ 'ಬೆಳೆ' ಎಂಬ ಅಪ್ಪಣೆ ಹೋಗುತ್ತದೆ. ಗಾಯ ಮಾಯುವುದೂ ಆ ಅಪ್ಪಣೆಯಿಂದಲೇ.

"ನಾನ್ಯಾಕೆ ಹಾಕ್ಲಿ? ನೀನೇ ಮರೆತು ಹಾಕಿರ್ತೀಯ. ರಾತ್ರಿಯೆಲ್ಲ ಮಗಳನ್ನ ಹೆಗಲ ಮೇಲೆ ಹಾಕ್ಕೊಂಡು ಓಡಾಡಿದ್ರೆ ನಿದ್ದೆ ಎಲ್ಲಿಂದ ಬರಬೇಕು!"

"ಈಗ ಎಡ ಹೆಗಲು ನೋಯುತ್ತೆ ಮೇಡಂ, ಬಲಗಡೆ ಹಾಕ್ಕೊಳ್ತೀನಿ," ಎಂದು ನಗುತ್ತಾ ಫ್ರೀಜರ್ ತೆಗೆದಳು. ಪ್ರೋಟೀನಿನ ಸೀಸೆಯ ಮೊಹರು ಒಡೆದಿರಲಿಲ್ಲ.

ಮೇಡಂ ತಟ್ಟೆಯ ನೀರನ್ನೇ ಪರೀಕ್ಷೆಗೆ ಹಾಕಿದರು. ಮಧ್ಯಾಹ್ನ ಅದರಲ್ಲಿ ಆ ಪ್ರೋಟೀನು ತುಂಬಿದೆಯೆಂದು ಫಲಿತಾಂಶ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಯಾರೂ ಹಾಕಿಲ್ಲ ಕಣೇ. ಇದು ತನ್ನ ಊಟ ತಾನೇ ತಯಾರಿಸ್ಕೊಳ್ತಿದೆ, ತನ್ನ ಗುಂಡಿ ತಾನೇ ಒತ್ಕೊಳ್ತಿದೆ. ಇದು ಆರೋಗ್ಯವಂತರ ಚರ್ಮ ಅಲ್ಲ. ಕ್ಯಾನ್ಸರ್. ಏಳನೇದು ಯಾರದ್ದು?"

ಆರೋಗ್ಯವಂತರ ಚರ್ಮ ಬೇಕಾದಾಗ ಲ್ಯಾಬಿನವರೇ ಒಂದೊಂದು ಚೂರು ಕೊಡುವುದು ಅಲ್ಲಿನ ರೂಢಿ. ತಟ್ಟೆಯ ಮೇಲೆ ಹೆಸರು ಬರೆಯುವುದಿಲ್ಲ, ಬರೀ ಅಂಕಿ. ಮೇಡಂ ಬೀರುವಿನ ಬೀಗ ತೆಗೆದು ಹೆಸರಿನ ಪುಸ್ತಕ ಹುಡುಕತೊಡಗಿದರು.

ಅವಳಿಗೆ ಪುಸ್ತಕ ಬೇಕಿರಲಿಲ್ಲ. ಐದು ತಿಂಗಳ ಹಿಂದೆ ಕೆಳಗಿನ ಆಸ್ಪತ್ರೆಯ ಡಾಕ್ಟರ ಮುಂದೆ ಭುಜ ಒಡ್ಡಿ, "ಹೇಗೂ ಕೊಯ್ತೀರಲ್ಲ, ಈ ಹಾಳು ಗಂಟನ್ನೇ ತೆಗೀರಿ, ಪುಕ್ಕಟೆ ಆಪರೇಷನ್ ಆಗಲಿ," ಎಂದು ತಮಾಷೆ ಮಾಡಿದ್ದಳು. ಅವರೂ ನಕ್ಕು ತೆಗೆದಿದ್ದರು. ಗಂಟಿನ ವಿಷಯ ಯಾರೂ ಎಲ್ಲೂ ಬರೆದಿಡಲಿಲ್ಲ.

ಅವಳ ಕೈ ತಾನಾಗಿ ಹೆಗಲಿಗೆ ಹೋಯಿತು. ಮಾಗಿದ ಗಾಯದ ಗೆರೆಯ ಕೆಳಗೆ, ಮಗಳು ತಲೆಯಿಟ್ಟರೆ ನೋಯುವ ಜಾಗದಲ್ಲೇ, ಬಟಾಣಿ ಗಾತ್ರದ್ದೇನೋ ಬೆರಳಿಗೆ ಸಿಕ್ಕಿತು.

"ಮೇಡಂ," ಎಂದಳು, "ಅವತ್ತು ಡಾಕ್ಟರು ನನ್ನ ಗಂಟನ್ನ ಪೂರ್ತಿ ತೆಗೆದಿದ್ರು ತಾನೆ?"